ಇರುವ ಲಿಪಿ ಬಿಟ್ಟು ಹೊಸದೇಕೆ? ದಾವಣಗೆರೆಯ ಮೇಷ್ಟ್ರಿಗೆ ಉತ್ತರ

ಮೇಷ್ಟ್ರೇ, ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ಪಶ್ಚಿಮ ಆಫ್ರಿಕಾದ ನ್‌ಕೋ ಲಿಪಿಯ ಬಗ್ಗೆ ಬಂದ ಲೇಖನ ಓದಿ ನೀವು ಬರೆದ ಪತ್ರ ಸಿಕ್ಕಿತು. ನೀವು ಕೇಳಿದ್ದು ಮುಖ್ಯವಾಗಿ ಮೂರು ಪ್ರಶ್ನೆ. ಫ್ರೆಂಚರು ತಂದ ಲ್ಯಾಟಿನ್ ಅಕ್ಷರಗಳು ಕೈಯಲ್ಲೇ ಇದ್ದಾಗ ಇನ್ನೊಂದು ಲಿಪಿ ಕಟ್ಟುವ ಹಠ ಯಾಕೆ? ಕಲಿಯುವವರಿಗೆ ಅದು ಹೆಚ್ಚಿನ ಹೊರೆ ಅಲ್ವಾ? ಸರ್ಕಾರ ಕೈಹಿಡಿಯದ ಲಿಪಿ ಎಷ್ಟು ಕಾಲ ಬದುಕೀತು? ವರ್ಷಾನುಗಟ್ಟಲೆ ಮಕ್ಕಳಿಗೆ ಅಕ್ಷರ ತಿದ್ದಿಸಿದವರು ಕೇಳಿದ ಪ್ರಶ್ನೆಗಳಿವು. ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸಲು ಮನಸ್ಸಾಗಲಿಲ್ಲ.

ನ್‌ಕೋ ಕಟ್ಟಿದ ಸೊಲೊಮಾನಾ ಕಾಂಟೆ ಇರುವ ಲಿಪಿಗಳನ್ನು ಬಿಟ್ಟು ಹೊರಟವರಲ್ಲ, ಮೊದಲು ಅವನ್ನೇ ಹಿಡಿದು ನೋಡಿದವರು. ಹುಟ್ಟಿದ್ದು 1922ರಲ್ಲಿ, ಗಿನಿ ದೇಶದ ಕಂಕನ್ ಪಟ್ಟಣದ ಹತ್ತಿರ. ಅಪ್ಪ ಕುರಾನ್ ಶಾಲೆ ನಡೆಸುತ್ತಿದ್ದರು, ಹಾಗಾಗಿ ಅರಬ್ಬಿ ಚಿಕ್ಕಂದಿನಿಂದ ಬರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ವ್ಯಾಪಾರಕ್ಕೆಂದು ಐವರಿ ಕೋಸ್ಟಿಗೆ ಹೋದರು. ಅಲ್ಲಿನ ಬುವಾಕೆ ಊರಿನಲ್ಲಿ, 1944ರಲ್ಲಿ, ಲೆಬನಾನಿನ ಪತ್ರಕರ್ತನೊಬ್ಬನ ಅರಬ್ಬಿ ಪುಸ್ತಕ ಅವರ ಕೈಗೆ ಬಿತ್ತು. ಆಫ್ರಿಕಾದವರ ಮಾತಿಗೆ ವ್ಯಾಕರಣವಿಲ್ಲ, ಅದನ್ನು ಬರೆಯಲು ಆಗುವುದೇ ಇಲ್ಲ ಎಂಬರ್ಥದ ಮಾತು ಅದರಲ್ಲಿತ್ತು. ಕಾಂಟೆ ಆಗ ಮಾಡಿದ ಕೆಲಸ ನೋಡಿ. ತಮ್ಮ ಮಣಿಂಕಾ ಮಾತನ್ನು ಅರಬ್ಬಿ ಅಕ್ಷರದಲ್ಲಿ ಬರೆದು ನೋಡಿದರು. ಸರಿಹೋಗಲಿಲ್ಲ. ಲ್ಯಾಟಿನ್ ಅಕ್ಷರ ಹಿಡಿದು ಮತ್ತೆ ವರ್ಷಗಟ್ಟಲೆ ಕೂತರು. ಅದೂ ಒಗ್ಗಲಿಲ್ಲ.

ಯಾಕೆ ಒಗ್ಗಲಿಲ್ಲ ಅನ್ನುವುದು ನಿಮಗೆ ಬೇಗ ತಿಳಿಯುತ್ತದೆ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಹಾಕಿ ಕನ್ನಡ ಬರೆಯುವಾಗ ಕರು ಯಾವುದು, ಕಾರು ಯಾವುದು ಅಂತ ಊಹೆ ಮಾಡಿ ಓದಬೇಕಾಗುತ್ತದಲ್ಲ, ಅಲ್ಲಿನ ಮಾತಿನಲ್ಲಿ ಆ ತೊಂದರೆ ಇನ್ನೂ ಜಾಸ್ತಿ. ಅಲ್ಲಿ ದನಿಯ ಏರಿಳಿತವೇ ಅರ್ಥ ಬದಲಿಸುತ್ತದೆ. ಮಣಿಂಕಾದ ಹತ್ತಿರದ ನಂಟಿನ, ಮಾಲಿ ದೇಶದ ಬಂಬಾರಾ ಮಾತಿನಲ್ಲಿ ‘ಸೋ’ ಎಂದು ದನಿ ಏರಿಸಿ ಹೇಳಿದರೆ ಮನೆ, ಇಳಿಸಿ ಹೇಳಿದರೆ ಕುದುರೆ. ಲ್ಯಾಟಿನ್ ಅಕ್ಷರದ ಮೇಲೂ ಗುರುತು ಹಾಕಬಹುದು, ನಿಜ, ಆದರೆ ದಿನಬಳಕೆಯ ಬರವಣಿಗೆಯಲ್ಲಿ ಯಾರೂ ಹಾಕುವುದಿಲ್ಲ. ಕಾಂಟೆ ಕೊನೆಗೆ 7 ಸ್ವರ, 19 ವ್ಯಂಜನ ಇಟ್ಟುಕೊಂಡು, ಏರಿಳಿತಕ್ಕೂ ದೀರ್ಘಕ್ಕೂ ಅಕ್ಷರದ ಮೇಲೆ ಗುರುತು, ಮೂಗಿನ ದನಿಗೆ ಕೆಳಗೊಂದು ಚುಕ್ಕಿ, ಹೀಗೆ ಮೊದಲಿಂದಲೇ ಲೆಕ್ಕ ಹಾಕಿ ಲಿಪಿ ಕಟ್ಟಿದರು. ಓದು ಬರಹ ಬಾರದವರನ್ನು ಕೂರಿಸಿ ಮಣ್ಣಿನಲ್ಲಿ ಗೆರೆ ಎಳೆಯಲು ಹೇಳಿದರಂತೆ. ಹೆಚ್ಚಿನವರು ಬಲದಿಂದ ಎಡಕ್ಕೆ ಎಳೆದರಂತೆ. ಲಿಪಿಯೂ ಬಲದಿಂದ ಎಡಕ್ಕೆ ಹೊರಟಿತು. 1949ರ ಏಪ್ರಿಲ್ 14ಕ್ಕೆ ಅದು ಸಿದ್ಧವಾಯಿತು. ಈಗಲೂ ಆ ದಿನವನ್ನು ನ್‌ಕೋ ದಿನ ಅಂತ ಆಚರಿಸುತ್ತಾರೆ.

ಇಷ್ಟಾದರೆ ಅರ್ಧ ಕೆಲಸ. ಕಲಿತವರು ಆಮೇಲೆ ಏನು ಓದಬೇಕು? ಈ ಪ್ರಶ್ನೆಗೆ ಕಾಂಟೆ ಕೊಟ್ಟ ಉತ್ತರವೇ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುತ್ತದೆ. ಅವರೇ ಕೂತು ಬರೆದರು. ವ್ಯಾಕರಣ, ನಿಘಂಟು, ಮಾಲಿ ಸಾಮ್ರಾಜ್ಯದ ಇತಿಹಾಸ, ಕುರಾನಿನ ಅನುವಾದ, ಗಿಡಮೂಲಿಕೆ ಔಷಧಿಗಳ ಪುಸ್ತಕ, ಹೀಗೆ 100ಕ್ಕೂ ಹೆಚ್ಚು. ಶಿಷ್ಯರು ಅವನ್ನು ಕೈಯಲ್ಲೇ ನಕಲು ಮಾಡಿ ಹಂಚಿದರು. ಒಬ್ಬ ವ್ಯಾಪಾರಿ ಸಂಜೆ ಅಂಗಡಿ ಮುಚ್ಚಿ ಅಕ್ಷರ ಕಲಿತರೆ, ಅವನಿಗೆ ಬೇಕಾದ ಔಷಧಿಯ ಹೆಸರೂ ಅವನ ಹಿರಿಯರ ಕಥೆಯೂ ಅವನ ಮಾತಿನಲ್ಲೇ ಕಾದು ಕೂತಿದ್ದವು. ಸುಮ್ನೆ ಅಕ್ಷರಮಾಲೆ ಹಂಚಿದ್ದರೆ ಯಾರು ತಾನೇ ಕಲಿಯುತ್ತಿದ್ದರು? ಕಲಿತವನು ಸಂತೆಗೆ ಹೋದಲ್ಲಿ ಇನ್ನೊಬ್ಬನಿಗೆ ಕಲಿಸಿದ. ಗಿನಿ, ಮಾಲಿ, ಐವರಿ ಕೋಸ್ಟ್, ಬುರ್ಕಿನಾ ಫಾಸೊ ತನಕ ಲಿಪಿ ಹೋಗಿದ್ದು ಹೀಗೆ.

ಇನ್ನು ಸರ್ಕಾರದ ವಿಷಯ. 1958ರಲ್ಲಿ ಗಿನಿ ಸ್ವತಂತ್ರವಾದ ಮೇಲೆ ಕಾಂಟೆ ತಾಯ್ನಾಡಿಗೆ ಮರಳಿದರು. ಅಧ್ಯಕ್ಷ ಸೆಕು ತುರೆ 1968ರಿಂದ ಶಾಲೆಗಳಲ್ಲಿ ನೆಲದ ಭಾಷೆಗಳನ್ನು ತಂದರು, ಒಳ್ಳೆಯ ಕೆಲಸವೇ, ಆದರೆ ಲ್ಯಾಟಿನ್ ಅಕ್ಷರದಲ್ಲಿ. 1984ರಲ್ಲಿ ತುರೆ ತೀರಿಕೊಂಡರು, ಹೊಸ ಸರ್ಕಾರ ಬಂತು, ಶಾಲೆ ಮತ್ತೆ ಫ್ರೆಂಚಿಗೆ ಹೊರಳಿತು. ನ್‌ಕೋ ತರಗತಿಗಳು ಮಾತ್ರ ನಡೆದೇ ಇದ್ದವು. ಸರ್ಕಾರ ಅವಕ್ಕೆ ಏನಾದರೂ ಕೊಟ್ಟಿದ್ದರೆ ತಾನೇ, ಅದನ್ನು ಕಿತ್ತುಕೊಂಡು ನಿಲ್ಲಿಸಲು?

ಕ್ಯಾಮರೂನಿನ ಫುಂಬಾನಿನಲ್ಲಿ ಆದದ್ದು ಬೇರೆ. ಅಲ್ಲಿನ ಬಾಮುಮ್ ಜನರ ದೊರೆ ನ್ಜೋಯಾ 1896ರಲ್ಲೇ ತನ್ನ ಜನರಿಗೆ ಲಿಪಿ ಮಾಡಲು ಹೊರಟ. ನೂರಾರು ಚಿಹ್ನೆಗಳಿದ್ದುದನ್ನು ತಿದ್ದಿ ತಿದ್ದಿ ಸುಮಾರು 80ಕ್ಕೆ ಇಳಿಸಿದ. ಶಾಲೆ ತೆರೆದ, ಅಚ್ಚುಮೊಳೆ ಮಾಡಿಸಲು ಹೊರಟ. ಎಂಥ ಬುದ್ಧಿವಂತ! ಆದರೆ ಎಲ್ಲವೂ ಅರಮನೆಗೆ ಅಂಟಿಕೊಂಡಿತ್ತು. ಫ್ರೆಂಚರು ಬಂದು ಶಾಲೆ ಮುಚ್ಚಿಸಿದರು, 1931ರಲ್ಲಿ ದೊರೆಯನ್ನೇ ಯವುಂಡೆಗೆ ಗಡೀಪಾರು ಮಾಡಿದರು. ಎರಡು ವರ್ಷಕ್ಕೆ ಆತ ಅಲ್ಲೇ ತೀರಿಕೊಂಡ. ಬಳಕೆ ಕುಸಿದು ಹೋಯಿತು.

ಹೊರೆಯ ವಿಷಯದಲ್ಲಿ ನಿಮ್ಮ ಮಾತನ್ನು ತಳ್ಳಿಹಾಕಲಾರೆ. ನ್‌ಕೋ ಕಲಿತರೆ ಸರ್ಕಾರಿ ಕೆಲಸ ಸಿಗುವುದಿಲ್ಲ. ಮಾಲಿಯ ಶಾಲೆಯಲ್ಲಿ ಬಂಬಾರಾ ಕಲಿಸುವುದೂ ಲ್ಯಾಟಿನ್ ಅಕ್ಷರದಲ್ಲೇ. ಇನ್ನೊಂದು ತೊಡಕೂ ಇದೆ. ನ್‌ಕೋ ಪುಸ್ತಕಗಳ ಭಾಷೆ ಕಂಕನ್ ಕಡೆಯ ಮಣಿಂಕಾಗೆ ಹತ್ತಿರ, ಬಂಬಾರಾ ಅಥವಾ ಅದೇ ಬಳಗದ ಜುಲಾ ಮಾತು ಆಡುವವರು ಸ್ವಲ್ಪ ಹೊಂದಿಕೊಳ್ಳಬೇಕು. ಆದರೂ ತಮ್ಮ ಮನೆಮಾತನ್ನು ಬರೆದದ್ದು ಬರೆದ ಹಾಗೇ ಓದಲು ಆಗುತ್ತದಲ್ಲ, ಅದಕ್ಕಾಗಿ ದುಡಿಯುವ ವಯಸ್ಸಿನವರು ತಾವಾಗಿ ಬಂದು ಕೂತು ಕಲಿಯುತ್ತಾರೆ. ತಾವಾಗಿ ಬಂದು ಕಲಿಯುವವರ ಪಾಲಿಗೆ ಅದನ್ನು ಹೊರೆ ಎಂದು ಕರೆಯಲು ನನಗೆ ಆಗುವುದಿಲ್ಲ.

ಕಾಂಟೆ 1987ರಲ್ಲಿ ತೀರಿಕೊಂಡರು. 2006ರಲ್ಲಿ ಲಿಪಿ ಯೂನಿಕೋಡ್, ಅಂದರೆ ಕಂಪ್ಯೂಟರು ಮೊಬೈಲುಗಳು ಅಕ್ಷರ ಗುರುತಿಸಲು ಬಳಸುವ ಪಟ್ಟಿ, ಸೇರಿತು, ಈಗ ಮೊಬೈಲಿನಲ್ಲೂ ಬರೆಯುತ್ತಾರೆ, 2024ರಲ್ಲಿ ಗೂಗಲ್ ಟ್ರಾನ್ಸ್‌ಲೇಟ್‌ಗೂ ಬಂತು. ಅದೇ ಗಿನಿಯಲ್ಲಿ 1989ರಲ್ಲಿ ಬ್ಯಾರಿ ಎಂಬ ಮನೆತನದ ಇಬ್ಬರು ಅಣ್ಣತಮ್ಮಂದಿರು, ಇಬ್ಬರೂ ಶಾಲೆಗೆ ಹೋಗುವ ಹುಡುಗರು, ಫುಲಾನಿ ಭಾಷೆಗೆ ಅದ್ಲಾಮ್ ಎಂಬ ಲಿಪಿ ಮಾಡಿದರು. ಅದೂ ಸಂತೆ ಸಂತೆ ಸುತ್ತಿಯೇ ಬೆಳೆದದ್ದು. ಅವರದ್ದೇ ದೊಡ್ಡ ಕಥೆ, ಇನ್ನೊಮ್ಮೆ ಬರೆಯುತ್ತೇವೆ.

ನೀವು ಕೇಳಿದ ನ್‌ಕೋ ಅಕ್ಷರಮಾಲೆಯನ್ನು ಮುಂದಿನ ಸಂಚಿಕೆಯಲ್ಲಿ ಇಡೀ ಪುಟಕ್ಕೆ ಹಾಕುತ್ತೇವೆ ಮೇಷ್ಟ್ರೇ. ಮಕ್ಕಳಿಗೆ ತೋರಿಸುವಾಗ ಅಂಕಿಗಳನ್ನೂ ಬಲದಿಂದಲೇ ಓದಿಸಿ. ಅರಬ್ಬಿಯಲ್ಲಿ ಅಂಕಿ ಎಡದಿಂದ ಹೋಗುತ್ತದೆ, ನ್‌ಕೋದಲ್ಲಿ ಹಾಗಲ್ಲ.

— ಸಂಪಾದಕ