ಕಟ್ಟದ ಮೀಟಿಂಗಿನಲ್ಲಿ ಯಾರ ಕಥೆ ಹೇಳಲಿ?

ಪ್ರಶ್ನೆ: ಮಾಷ್ಟ್ರೇ, ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ. ತೋಡಿಗೆ (ಹಳ್ಳಕ್ಕೆ) ವರ್ಷ ವರ್ಷ ಕಟ್ಟ, ಅಂದರೆ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು, ಕಟ್ಟುವ ಗುಂಪಿಗೆ ಈ ಸಲ ನಾನು ಅಧ್ಯಕ್ಷೆ. ಖರ್ಚು, ಆಳಿನ ಲೆಕ್ಕ, ಬಾವಿಗಳ ನೀರಿನ ಮಟ್ಟ ಎಲ್ಲ ಬರೆದುಕೊಂಡು ಹೋಗಿ ಓದುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಕೆಲಸದ ದಿನ ಅರ್ಧ ಜನವೂ ಬರುವುದಿಲ್ಲ. "ಕಥೆ ಹೇಳಿ ಮಾತಾಡು" ಅನ್ನುತ್ತಾಳೆ ಮಗಳು. ಅದು ಜನರನ್ನು ಮರುಳು ಮಾಡಿದ ಹಾಗೆ ಅಲ್ವಾ?

ಉತ್ತರ: ಅಕ್ಕಾ, ಮಗಳ ಮಾತು ಕೇಳಿ. ಲೆಕ್ಕ ಬೇಕು, ಆದರೆ ಲೆಕ್ಕ ಕೇಳಿ ಯಾರೂ ಹಾರೆ ಎತ್ತುವುದಿಲ್ಲ.

2007ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ಇದೆ. ಜನರ ಕೈಗೆ 5 ಡಾಲರ್ ಕೊಟ್ಟು, ಆಫ್ರಿಕಾದ ಹಸಿವಿಗೆ ದಾನ ಕೇಳಿದರು. ಬರೀ ಅಂಕಿ ಅಂಶ ಓದಿದವರು ಸರಾಸರಿ 1.14 ಡಾಲರ್ ಕೊಟ್ಟರು. ಮಾಲಿ ದೇಶದ ಏಳು ವರ್ಷದ ಒಬ್ಬ ಹುಡುಗಿಯ ಬಗ್ಗೆ ಓದಿದವರು 2.38 ಕೊಟ್ಟರು. ಎರಡನ್ನೂ ಒಟ್ಟಿಗೆ ಓದಿದವರೋ? 1.43 ಮಾತ್ರ! ಹಾಗಾಗಿ ಕಥೆಯ ನಡುವೆ ಲೆಕ್ಕ ತುರುಕಬೇಡಿ. ಅದನ್ನು ಬೇರೆ ಕಾಗದದಲ್ಲಿ ಬರೆದು, ಆಮೇಲೆ ಎಲ್ಲರ ಕೈಗೆ ಕೊಡಿ. ಮುಚ್ಚಿಡಬೇಡಿ.

ಯಾರ ಕಥೆ? ಮೊದಲು ನಿಮ್ಮದೇ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಸಾಕು. ಬಾವಿಗೆ ಕೊಡಪಾನ ಇಳಿಸಿದರೆ ಕೆಸರು ಬಂತು. ಪಂಪು ಗಾಳಿ ಎಳೆಯುತ್ತಿತ್ತು. ಅಡಿಕೆ ಮರದ ಬುಡದಲ್ಲಿ ನಳ್ಳಿ (ಎಳೆ ಕಾಯಿ) ಉದುರಿ ಬಿದ್ದಿತ್ತು. ಆಗ ನಿಮ್ಮ ಮುಂದೆ ಎರಡು ದಾರಿ ಇತ್ತಲ್ಲ: ಸಾಲ ಮಾಡಿ ಬೋರು ತೆಗೆಸುವುದು, ಇಲ್ಲವೇ ನಾಲ್ಕು ಮನೆಯವರನ್ನು ಕರೆದು ತೋಡಿಗೆ ಇಳಿಯುವುದು. ಆ ರಾತ್ರಿ ನೀವು ಏನು ಯೋಚನೆ ಮಾಡಿದಿರಿ? ಅದನ್ನು ಹೇಳಿ. ಕ್ಯಾಲಿಫೋರ್ನಿಯಾದ ತೋಟದ ಕೂಲಿಗಳ ಸಂಘದಲ್ಲಿ ವರ್ಷಗಟ್ಟಲೆ ದುಡಿದು, ಆಮೇಲೆ ಹಾರ್ವರ್ಡಿನಲ್ಲಿ ಪಾಠ ಮಾಡಿದ ಮಾರ್ಷಲ್ ಗಾಂಜ್ ಕಲಿಸುವುದೂ ಇದನ್ನೇ. ನನ್ನ ಕಥೆ, ಅದರಿಂದ ನಮ್ಮೆಲ್ಲರ ಕಥೆ, ಅಲ್ಲಿಂದ ಈಗ ಮಾಡಬೇಕಾದ ಕೆಲಸ. ನಿರ್ಧಾರ ಮಾಡಬೇಕಾದ ಆ ಗಳಿಗೆಯೇ ಕಥೆಯ ಜೀವ ಅನ್ನುತ್ತಾರೆ ಅವರು.

ಬಾರದವರ ಮಾತಿಗೂ ಜಾಗ ಕೊಡಿ. ಇದನ್ನು ನಾನು ತಾಳಮದ್ದಳೆಯಲ್ಲಿ ಕಲಿತೆ. ಅದು ಕೂತು ನಡೆಸುವ ಯಕ್ಷಗಾನ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಹಾಡು ಮತ್ತು ಮಾತು ಅಷ್ಟೇ. ವಾಲಿ ಸಾಯುತ್ತಾನೆ ಅಂತ ಕೂತವರಿಗೆಲ್ಲ ಗೊತ್ತು. ಆದರೂ ನಮ್ಮ ನೆಲದವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿ (ಪಾತ್ರದ ಮಾತಾಡುವವರು) ವಾಲಿಯಾಗಿ ರಾಮನನ್ನು ಪ್ರಶ್ನಿಸಲು ಹೊರಟರೆ ಸಭೆ ಅಲ್ಲಾಡುತ್ತಿರಲಿಲ್ಲ. ಸೋಲುವವನ ನ್ಯಾಯವೂ ಪೂರ್ತಿ ಕೇಳಿಸುತ್ತಿತ್ತು. ನಿಮ್ಮಲ್ಲೂ ಬೋರು ಇರುವವರು, ತೋಡಿನಿಂದ ಮೇಲೆ ಮನೆ ಇರುವವರು "ನಮಗೇನು ಲಾಭ?" ಅಂತ ಕೇಳುತ್ತಾರಲ್ಲ. ಆ ಪ್ರಶ್ನೆಯನ್ನು ಅವರಿಗಿಂತ ಚೆನ್ನಾಗಿ ನೀವೇ ಕೇಳಿ. ಆಮೇಲೆ ಉತ್ತರ ಹೇಳಿ.

ಇನ್ನು ಮರುಳು ಮಾಡುವ ವಿಷಯ. ನಿಮ್ಮ ಅಳುಕು ಒಳ್ಳೆಯದು, ಅದನ್ನು ಬಿಡಬೇಡಿ. ಗೇರು ತೋಟಕ್ಕೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ದುರಂತದ ಕಾಲದಲ್ಲಿ ನಿಮ್ಮ ಎಣ್ಮಕಜೆ ಪಂಚಾಯತಿನ ಮನೆಗಳಿಗೆ ಎಷ್ಟು ಕ್ಯಾಮೆರಾ ಬಂತು! ಆ ಚಿತ್ರಗಳಿಂದ ಲೋಕದ ಕಣ್ಣು ತೆರೆಯಿತು, ನಿಜ. ಆದರೆ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಯನ್ನು ಒಂದು ಮಾತು ಕೇಳದೆ ಫೋಟೊ ಹೊಡೆದವರನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಬೇರೆಯವರ ಕಷ್ಟ ಹೇಳುವುದಾದರೆ ಮೊದಲೇ ಅವರ ಮನೆಗೆ ಹೋಗಿ ಕೇಳಿ. ಬೇಡ ಅಂದರೆ ಬಿಟ್ಟುಬಿಡಿ. ಹೆಸರು ಬದಲಿಸಿ ಹೇಳಿದರೂ ಊರಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ಭಾಷೆಯ ಬಗ್ಗೆ ಜಾಸ್ತಿ ತಲೆಬಿಸಿ ಬೇಡ. ಅತ್ತೆ ತುಳುವಿನಲ್ಲಿ ಬೈದದ್ದನ್ನು ತುಳುವಿನಲ್ಲೇ ಹೇಳಿ, ಪಕ್ಕದ ಮನೆಯವರ ಮಲಯಾಳವನ್ನು ಮಲಯಾಳದಲ್ಲೇ. ನಮ್ಮಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ.

ಕಥೆ ಮುಗಿದ ಕೂಡಲೇ "ಆದ್ದರಿಂದ ಬಂಧುಗಳೇ" ಅಂತ ಉಪದೇಶಕ್ಕೆ ಇಳಿಯಬೇಡಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಹಾರೆ ತರಬೇಕು, ಚಹಾ ಯಾರ ಮನೆಯಿಂದ, ಇಷ್ಟು ಹೇಳಿ. ಬರುತ್ತೇನೆ ಅಂದವರ ಹೆಸರನ್ನು ಅಲ್ಲೇ ಬರೆದುಕೊಳ್ಳಿ.