ನೋವಿಲ್ಲದ ಊತ, ವೃಷಣದ ಸುತ್ತ ನೀರು

ಪ್ರಶ್ನೆ: ನನಗೆ 34 ವರ್ಷ. ಮೂರು ತಿಂಗಳಿಂದ ವೃಷಣದ ಚೀಲ ಎಡಗಡೆ ಊದಿದೆ. ನೋವಿಲ್ಲ, ಸಂಜೆ ಹೊತ್ತಿಗೆ ಭಾರ ಅನ್ನಿಸುತ್ತದೆ. ಸೂಜಿ ಚುಚ್ಚಿ ನೀರು ತೆಗೆಸಿದರೆ ಸಾಕೇ? ಮಕ್ಕಳಾಗಲು ತೊಂದರೆಯಾದೀತೇ?

ಉತ್ತರ: ನೀವು ಹೇಳಿದ್ದು ಹೈಡ್ರೋಸಿಲ್‌ಗೆ, ಅಂದರೆ ವೃಷಣದ ಸುತ್ತ ನೀರು ತುಂಬುವುದಕ್ಕೆ, ಹೊಂದುತ್ತದೆ. ವೃಷಣವನ್ನು ಎರಡು ಪದರದ ತೆಳುಪೊರೆ ಸುತ್ತಿಕೊಂಡಿರುತ್ತದೆ. ಪದರಗಳ ನಡುವೆ ಒಸರುವ ದ್ರವವನ್ನು ದೇಹ ಹೀರಿಕೊಳ್ಳುತ್ತಲೇ ಇರುತ್ತದೆ. ಒಸರುವುದು ಹೆಚ್ಚಾದರೆ ಅಥವಾ ಹೀರುವುದು ಕಡಿಮೆಯಾದರೆ ನೀರು ನಿಲ್ಲುತ್ತದೆ. ಪೆಟ್ಟು, ಸೋಂಕು, ಆನೆಕಾಲು ರೋಗದ ಹುಳು ಇದಕ್ಕೆ ಕಾರಣವಾಗಬಹುದು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ.

ನೋವಿಲ್ಲವೆಂದು ಇನ್ನೂ ಕಾಯಬೇಡಿ, ಈ ವಾರವೇ ತೋರಿಸಿ. ವೃಷಣದ ಕ್ಯಾನ್ಸರ್ ಗಡ್ಡೆಯೂ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ, ಅದರ ಸುತ್ತಲೂ ನೀರು ಸೇರಬಹುದು. ಅದು ಹೆಚ್ಚಾಗಿ ಕಾಣುವುದು ನಿಮ್ಮಂಥ ಹರೆಯದವರಲ್ಲೇ. ಟಾರ್ಚ್ ಹಿಡಿದಾಗ ಚೀಲ ಕೆಂಪಗೆ ಬೆಳಗಿದರೆ ಒಳಗೆ ನೀರಿದೆ ಎಂದು ಗೊತ್ತಾಗುತ್ತದೆ, ಆದರೆ ನೀರಿನೊಳಗಿನ ವೃಷಣ ಹೇಗಿದೆ ಎಂದು ತಿಳಿಯಲು ಅಲ್ಟ್ರಾಸೌಂಡ್ ಸ್ಕ್ಯಾನ್ ಬೇಕು. ಊತ ತೊಡೆಸಂದಿನವರೆಗೂ ಹಬ್ಬಿದ್ದರೆ, ಕೆಮ್ಮಿದಾಗ ಉಬ್ಬಿದರೆ ಅದು ಹರ್ನಿಯಾ, ಅಂದರೆ ಹೊಟ್ಟೆಯ ಕರುಳು ಕೆಳಗಿಳಿದದ್ದು, ಇರಬಹುದು.

ಸ್ಕ್ಯಾನ್ ಆಗುವ ಮುಂಚೆ ಯಾರ ಕೈಯಲ್ಲೂ ಚುಚ್ಚಿಸಿಕೊಳ್ಳಬೇಡಿ. ಒಳಗೆ ಕರುಳು ಇಳಿದಿದ್ದರೆ ಅದಕ್ಕೇ ಸೂಜಿ ತಗಲೀತು. ಬರೀ ನೀರಿದ್ದರೂ, ಪೊರೆ ಅಲ್ಲೇ ಉಳಿಯುವುದರಿಂದ ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ. ರಕ್ತಸ್ರಾವ, ಸೋಂಕಿನ ಭಯ ಬೇರೆ. ಸ್ಕ್ಯಾನ್‌ನಲ್ಲಿ ವೃಷಣ ಚೆನ್ನಾಗಿದ್ದು, ಊತ ಚಿಕ್ಕದಾಗಿದ್ದರೆ ಏನೂ ಮಾಡದೆ ಗಮನಿಸುತ್ತಿದ್ದರೆ ಸಾಕು. ನಡೆಯಲು, ಕೂರಲು ತೊಡಕಾದರೆ ಆಪರೇಷನ್ ಮಾಡಿ ಪೊರೆಯನ್ನು ಕತ್ತರಿಸುತ್ತಾರೆ ಅಥವಾ ಮಗುಚಿ ಹೊಲಿಯುತ್ತಾರೆ. ಸಾಮಾನ್ಯವಾಗಿ ಅಂದೇ ಮನೆಗೆ ಹೋಗಬಹುದು. ಆಮೇಲೂ ಕೆಲವು ವಾರ ಊತ ಇದ್ದೇ ಇರುತ್ತದೆ, ಆಪರೇಷನ್ ಕೆಟ್ಟಿತೆಂದು ಗಾಬರಿಯಾಗಬೇಡಿ. ಬಿಗಿಯಾದ ಒಳಚಡ್ಡಿ ಆಸರೆ ಕೊಡುತ್ತದೆ. ಸರಳ ಹೈಡ್ರೋಸಿಲ್‌ನಿಂದ ಮಕ್ಕಳಾಗಲು ಸಾಮಾನ್ಯವಾಗಿ ಅಡ್ಡಿಯಿಲ್ಲ.

ಒಂದು ಮಾತು ನೆನಪಿರಲಿ: ಇದ್ದಕ್ಕಿದ್ದಂತೆ ವೃಷಣ ತೀವ್ರವಾಗಿ ನೋಯತೊಡಗಿ, ವಾಂತಿ ಬಂದು, ವೃಷಣ ಮೇಲಕ್ಕೆ ಸರಿದಂತೆ ಕಂಡರೆ ಬೆಳಗಾಗಲೆಂದು ಕಾಯಬೇಡಿ. ಅದು ತಿರುಚಿಕೊಂಡಿದ್ದರೆ ರಕ್ತ ಓಡುವುದು ನಿಲ್ಲುತ್ತದೆ. ಸುಮಾರು 6 ಗಂಟೆಯೊಳಗೆ ಬಿಡಿಸಿದರೆ ಉಳಿಯುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ನನ್ನ ಎಂಟು ತಿಂಗಳ ಮಗನಿಗೂ ಹುಟ್ಟಿನಿಂದ ಹೀಗೆಯೇ ಊತವಿದೆ. ಆಪರೇಷನ್ ಬೇಕೇ?

ಉತ್ತರ: ಹೊಟ್ಟೆಯಿಂದ ಚೀಲಕ್ಕೆ ಇಳಿಯುವ ಸಣ್ಣ ದಾರಿ ಮುಚ್ಚದಿರುವುದರಿಂದ ಹೀಗಾಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ಒಂದೆರಡು ವರ್ಷದೊಳಗೆ ತಾನಾಗಿಯೇ ಇಳಿಯುತ್ತದೆ. ಆದರೂ ಒಮ್ಮೆ ಮಕ್ಕಳ ವೈದ್ಯರಿಗೆ ತೋರಿಸಿ, ಹರ್ನಿಯಾ ಅಲ್ಲವೆಂದು ಖಚಿತ ಮಾಡಿಕೊಳ್ಳಿ. ಊತ ಗಟ್ಟಿಯಾಗಿ, ಮಗು ಸಮಾಧಾನವಾಗದೆ ಅಳುತ್ತಾ ವಾಂತಿ ಮಾಡಿದರೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಿರಿ.