ಉತ್ತರ ಸರಿ, ಅಂಕ ಮಾತ್ರ ಇಲ್ಲ

ಪ್ರಶ್ನೆ: ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ನಮ್ಮದೊಂದು ಕಿರಾಣಿ ಅಂಗಡಿ ಇದೆ. ಹತ್ತನೇ ತರಗತಿಯ ಮಗ ತೊಗರಿ ಬೇಳೆ, ಬೆಲ್ಲ, ಎಣ್ಣೆ ಎಲ್ಲದರ ಲೆಕ್ಕವನ್ನೂ ಬಾಯಲ್ಲೇ ಹೇಳಿಬಿಡುತ್ತಾನೆ. ಪೂರ್ವಸಿದ್ಧತಾ ಪರೀಕ್ಷೆಯ ಗಣಿತದಲ್ಲಿ ಉತ್ತರ ಸರಿಯಿದ್ದರೂ 'ಹಂತಗಳಿಲ್ಲ' ಎಂದು ಅಂಕ ಕಡಿದಿದ್ದಾರೆ. ಇದು ನ್ಯಾಯವೇ?

ಉತ್ತರ: ನಿಮಗೆ ಬೇಸರವಾದೀತು, ಆದರೆ ನ್ಯಾಯವೇ. ವರ್ಷಗಟ್ಟಲೆ ಗಣಿತದ ಉತ್ತರ ಪತ್ರಿಕೆಗಳನ್ನು ತಿದ್ದಿದವನಾಗಿ ಹೇಳುತ್ತಿದ್ದೇನೆ.

ಒಂದು ಲೆಕ್ಕ ನೋಡಿ. 7, 11, 15... ಈ ಸಮಾಂತರ ಶ್ರೇಢಿಯ 20ನೇ ಪದ ಯಾವುದು? ಎರಡು ಅಂಕದ ಪ್ರಶ್ನೆ. ನಿಮ್ಮ ಮಗ 83 ಎಂದಷ್ಟೇ ಬರೆಯುತ್ತಾನೆ. ಮೌಲ್ಯಮಾಪಕರ ಮುಂದಿರುವ ಮಾದರಿ ಉತ್ತರದಲ್ಲಿ ಸೂತ್ರಕ್ಕೆ ಅರ್ಧ, ಬೆಲೆ ಆದೇಶಿಸಿದ್ದಕ್ಕೆ (ಸೂತ್ರದ ಅಕ್ಷರಗಳ ಜಾಗದಲ್ಲಿ ಸಂಖ್ಯೆ ಹಾಕಿದ್ದಕ್ಕೆ) ಅರ್ಧ, ಹೀಗೆ ಹಂತಹಂತಕ್ಕೂ ಅಂಕಗಳು ಹಂಚಿಕೆಯಾಗಿರುತ್ತವೆ. ಬರಿಯ 83ಕ್ಕೆ ಕೊನೆಯ ಅರ್ಧ ಅಂಕ ದಕ್ಕಿದರೆ ಪುಣ್ಯ. ಪಕ್ಕದ ಬೆಂಚಿನವನ ಹಾಳೆಯಿಂದ ಬಂದ 83 ಕೂಡ ನೋಡಲು ಹೀಗೆಯೇ ಇರುತ್ತದೆ!

ಈಗ ಗಡಿಬಿಡಿಯಲ್ಲಿ ಅವನು 19 × 4 ಅನ್ನು 74 ಎಂದುಕೊಂಡ ಎನ್ನಿ. ಬರಿಯ 81 ಬರೆದರೆ ಸೊನ್ನೆ. ಅದೇ,

ಮೊದಲ ಪದ 7, ಸಾಮಾನ್ಯ ವ್ಯತ್ಯಾಸ 11 − 7 = 4
20ನೇ ಪದ = 7 + (20 − 1) × 4
= 7 + 74 = 81

ಎಂದು, ಮೇಲೊಂದು ಸಾಲು ಸೂತ್ರವನ್ನೂ ಸೇರಿಸಿ ಬರೆದಿದ್ದರೆ ತಪ್ಪು ಎಲ್ಲಿ ನುಸುಳಿತೆಂದು ನನಗೆ ಕಾಣುತ್ತದೆ. ಕೊನೆಯ ಅರ್ಧ ಅಂಕ ಕಳೆದು ಒಂದೂವರೆ ಕೊಡುತ್ತೇನೆ. ಬಾಯಿಲೆಕ್ಕದ ಜಾಣರೇ ಹೀಗೆ ಹೆಚ್ಚು ಕಳೆದುಕೊಳ್ಳುವುದನ್ನು ಕಂಡು ಎಷ್ಟೋ ಸಲ ಹೊಟ್ಟೆ ಉರಿದಿದೆ.

ಪುಸ್ತಕದ ವಿಧಾನವೇ ಆಗಬೇಕೆಂದಿಲ್ಲ. ಇಪ್ಪತ್ತು ಪದಗಳನ್ನೂ ಸಾಲಾಗಿ ಬರೆದು 83 ತಲುಪಿದರೆ ಅದೂ ಸರಿಯಾದ ಕ್ರಮವೇ. ಸಮಯ ತಿನ್ನುತ್ತದೆ, ಅಷ್ಟೆ. ಬಹು ಆಯ್ಕೆಯ ಪ್ರಶ್ನೆಗಳಿಗೆ ಹಂತಗಳು ಬೇಡ, ಕ್ರಮಾಕ್ಷರದೊಂದಿಗೆ ಉತ್ತರ ಬರೆದರೆ ಸಾಕು. ಎಸ್‌ಎಸ್‌ಎಲ್‌ಸಿ ಗಣಿತದ ಲಿಖಿತ ಪರೀಕ್ಷೆಯ 80 ಅಂಕಗಳಲ್ಲಿ ಅಂಥವು ಎಂಟು ಮಾತ್ರ. ಕಚ್ಚಾ ಗುಣಾಕಾರವನ್ನು ಅಂಗೈ ಮೇಲೆ ಮಾಡದೆ ಅದೇ ಪುಟದ ಬಲಬದಿಯಲ್ಲಿ ಗೆರೆ ಎಳೆದು ಮಾಡಲಿ.

ಇನ್ನು ಅಭ್ಯಾಸಕ್ಕೆ ನಿಮ್ಮ ಅಂಗಡಿಯೇ ಇದೆ. ಗಿರಾಕಿಗೆ ಮೊತ್ತ ಹೇಳುವ ಮೊದಲು ಸಾಮಾನು, ತೂಕ, ದರ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಡಲು ಹೇಳಿ. ನಾಲ್ಕು ದಿನ ಗೊಣಗುತ್ತಾನೆ, ಗೊಣಗಲಿ.